ಹೋಲಿಸಿದ್ದು ಯಾರ ಜೊತೆಗೆ?

ಎದೆಹಾಲಿನ ಬಗ್ಗೆ ಒಂದು ಪತ್ರಕ್ಕೆ ಉತ್ತರ ಬರೆಯೋಣ ಅಂತ ಕೂತೆ. ನೋಡಿದರೆ ತಾಯಿ, ಮಗು, ಕ್ಯಾನ್ಸರ್ ಈ ಮೂರನ್ನೂ ಸುತ್ತುವ ಪತ್ರಗಳು ಇನ್ನೂ ನಾಲ್ಕಿದ್ದವು. ಹಾಗಾಗಿ ಈ ಸಲ ಐದಕ್ಕೂ ಒಟ್ಟಿಗೇ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನಮ್ಮ ಅತ್ತಿಗೆಗೆ 46 ವರ್ಷ. ಇಬ್ಬರು ಮಕ್ಕಳಿಗೂ ಒಂದೂವರೆ ವರ್ಷ ಎದೆಹಾಲು ಕೊಟ್ಟಿದ್ದಾರೆ. ಈಗ ಸ್ತನ ಕ್ಯಾನ್ಸರ್ ಬಂದಿದೆ. ಹಾಲು ಕುಡಿಸಿದವರಿಗೆ ಬರುವುದಿಲ್ಲ ಅಂತ ಎಲ್ಲ ಕಡೆ ಹೇಳುತ್ತಾರಲ್ಲ, ಅದು ಸುಳ್ಳೇ? ನೋಡಲು ಬಂದ ನೆಂಟರೊಬ್ಬರು 'ಸರಿಯಾಗಿ ಕುಡಿಸಿರಲಿಕ್ಕಿಲ್ಲ ಬಿಡಿ' ಅಂದರು. ಅತ್ತಿಗೆ ಆ ರಾತ್ರಿಯೆಲ್ಲ ಅತ್ತರು. (ಹಾಸನ)

ಮೊದಲು ನೆಂಟರ ವಿಷಯ. ಅವರು ಹೇಳಿದ್ದು ತಪ್ಪು. ಬೇಕಿದ್ದರೆ ಈ ಉತ್ತರವನ್ನು ಅವರಿಗೇ ಓದಲು ಕೊಡಿ.

'ಬರುವುದಿಲ್ಲ' ಅಂತ ಯಾವ ಸಂಶೋಧನೆಯೂ ಹೇಳಿಲ್ಲ. 'ಬರುವ ಸಾಧ್ಯತೆ ಸ್ವಲ್ಪ ಕಡಿಮೆ' ಅಂತ ಹೇಳಿದೆ, ಅಷ್ಟೆ. ಆ 'ಸ್ವಲ್ಪ' ಎಷ್ಟು ಅನ್ನುವುದನ್ನು 2002ರಲ್ಲಿ ಬಹಳ ಅಚ್ಚುಕಟ್ಟಾಗಿ ಲೆಕ್ಕ ಹಾಕಿದರು. 30 ದೇಶಗಳ 47 ಅಧ್ಯಯನಗಳನ್ನು ಒಟ್ಟು ಸೇರಿಸಿದರು. ಕ್ಯಾನ್ಸರ್ ಬಂದ ಸುಮಾರು 50 ಸಾವಿರ ಹೆಂಗಸರು ಒಂದು ಕಡೆ, ಬರದ ಸುಮಾರು 97 ಸಾವಿರ ಹೆಂಗಸರು ಇನ್ನೊಂದು ಕಡೆ. ಒಟ್ಟು 12 ತಿಂಗಳು ಹಾಲು ಕುಡಿಸಿದರೆ ಸ್ತನ ಕ್ಯಾನ್ಸರಿನ ಸಾಧ್ಯತೆ 4.3 ಶೇಕಡಾ ಇಳಿಯುತ್ತದೆ ಅಂತ ಬಂತು. ಪ್ರತಿ ಹೆರಿಗೆಗೆ ಇನ್ನೊಂದು 7 ಶೇಕಡಾ.

ಇದನ್ನು ಮನೆಯ ಲೆಕ್ಕಕ್ಕೆ ಇಳಿಸೋಣ. ಸಾವಿರ ಹೆಂಗಸರಲ್ಲಿ 30 ಜನಕ್ಕೆ ಈ ರೋಗ ಬರುತ್ತದೆ ಅಂತ ಇಟ್ಟುಕೊಳ್ಳಿ. ಆ ಸಾವಿರ ಜನರೂ ಒಂದು ವರ್ಷ ಜಾಸ್ತಿ ಹಾಲು ಕುಡಿಸಿದರೆ 30 ಇದ್ದದ್ದು 29ರ ಹತ್ತಿರ ಬರುತ್ತದೆ. ಒಬ್ಬರು ಉಳಿದರು. ಇಡೀ ದೇಶಕ್ಕೆ ಇದು ದೊಡ್ಡ ಸಂಖ್ಯೆ. ಆದರೆ ಉಳಿದ 29 ಜನರೂ ಹಾಲು ಕುಡಿಸಿದವರೇ ಅಲ್ವಾ? ನಿಮ್ಮ ಅತ್ತಿಗೆ ಅವರಲ್ಲಿ ಒಬ್ಬರು. ಅವರು ಮಾಡಿದ್ದರಲ್ಲಿ ಏನೂ ಕಡಿಮೆಯಾಗಿಲ್ಲ.

ಇಂಥ ಲೆಕ್ಕ ಶುರುವಾದ ಕಥೆ ನನಗೆ ಬಹಳ ಇಷ್ಟ. ಸುಮಾರು 300 ವರ್ಷಗಳ ಹಿಂದೆ ಇಟಲಿಯ ವೈದ್ಯ ರಾಮಾಝಿನಿ, ಮದುವೆಯಾಗದ ಕ್ರೈಸ್ತ ಸನ್ಯಾಸಿನಿಯರಲ್ಲಿ ಸ್ತನ ಕ್ಯಾನ್ಸರ್ ಜಾಸ್ತಿ ಅಂತ ಬರೆದಿದ್ದರು. ಅದು ಕಣ್ಣಳತೆಯ ಮಾತು. ಅಳೆದು ನೋಡಿದ್ದು 1926ರಲ್ಲಿ, ಇಂಗ್ಲೆಂಡಿನ ಡಾಕ್ಟರ್ ಜಾನೆಟ್ ಲೇನ್-ಕ್ಲೇಪನ್ ಅನ್ನುವ ಮಹಿಳೆ. ಸ್ತನ ಕ್ಯಾನ್ಸರ್ ಇದ್ದ 500 ಹೆಂಗಸರನ್ನು ಆರಿಸಿಕೊಂಡರು. ಆಮೇಲೆ ಬೇರೆ ಕಾಯಿಲೆಗೆ ಆಸ್ಪತ್ರೆಗೆ ಬಂದಿದ್ದ, ಕ್ಯಾನ್ಸರ್ ಇಲ್ಲದ ಇನ್ನೂ 500 ಹೆಂಗಸರನ್ನು ಆರಿಸಿಕೊಂಡರು. ಇಬ್ಬರಿಗೂ ಅವೇ ಪ್ರಶ್ನೆ: ಮದುವೆ ಯಾವಾಗ ಆಯಿತು, ಮಕ್ಕಳೆಷ್ಟು, ಹಾಲು ಕುಡಿಸಿದಿರಾ, ಎಷ್ಟು ದಿನ?

ಎರಡನೆಯ 500 ಜನ ಏಕೆ ಬೇಕಿತ್ತು? ರೋಗಿಗಳನ್ನು ಮಾತ್ರ ಕೇಳಿದರೆ ಅವರಲ್ಲಿ ಇಷ್ಟು ಜನ ತಡವಾಗಿ ಮದುವೆಯಾದವರು ಅಂತ ಗೊತ್ತಾಗುತ್ತದೆ. ಊರಿನಲ್ಲಿ ಉಳಿದವರೂ ಹಾಗೇ ಇದ್ದರೆ ಆ ಮಾಹಿತಿಗೆ ಅರ್ಥವೇ ಇಲ್ಲ. ಪಕ್ಕದಲ್ಲಿ ಇನ್ನೊಂದು ಗುಂಪು ಇಟ್ಟಾಗಲೇ ವ್ಯತ್ಯಾಸ ಕಾಣುವುದು. ತಡವಾಗಿ ಮದುವೆಯಾದವರು, ಮಕ್ಕಳು ಕಡಿಮೆ ಇದ್ದವರು, ಹಾಲು ಕುಡಿಸದವರು ಕ್ಯಾನ್ಸರ್ ಗುಂಪಿನಲ್ಲಿ ಜಾಸ್ತಿ ಇದ್ದರು. ಸಿಗರೇಟು ಮತ್ತು ಶ್ವಾಸಕೋಶದ ಕ್ಯಾನ್ಸರಿನ ನಂಟನ್ನು 1950ರಲ್ಲಿ ಡಾಲ್ ಮತ್ತು ಹಿಲ್ ಅನ್ನುವ ಬ್ರಿಟಿಷ್ ಸಂಶೋಧಕರು ತೋರಿಸಿದ್ದೂ ಇದೇ ದಾರಿಯಲ್ಲಿ.

ಬೆಂಗಳೂರಿನ ಕ್ಯಾನ್ಸರ್ ನೋಂದಣಿ 1982ರಿಂದ ಕಿದ್ವಾಯಿ ಸಂಸ್ಥೆಯಲ್ಲಿ ನಡೆಯುತ್ತಿದೆ. ಮೊದಮೊದಲು ಹೆಂಗಸರಲ್ಲಿ ಗರ್ಭಕೊರಳಿನ ಕ್ಯಾನ್ಸರೇ ಮುಂದಿತ್ತು. ಈಗ ಸ್ತನ ಕ್ಯಾನ್ಸರ್ ಮುಂದಿದೆ. ತಡವಾದ ಮದುವೆ, ಒಂದೋ ಎರಡೋ ಮಕ್ಕಳು, ಏರಿದ ತೂಕ ಎಲ್ಲವೂ ಇದರಲ್ಲಿ ಸೇರಿವೆ. ಹಾಗಂತ ಇವನ್ನು ಯಾವ ಒಬ್ಬ ಹೆಂಗಸಿನ ತಲೆಗೂ ಕಟ್ಟುವಂತಿಲ್ಲ.

ಪ್ರಶ್ನೆ: ಮಗುವಿಗೆ ನಾಲ್ಕು ತಿಂಗಳು. ಮುಂದಿನ ತಿಂಗಳು ಶಾಲೆ ಕೆಲಸಕ್ಕೆ ಹೋಗಬೇಕು. 'ಹಸುವಿನ ಹಾಲಿಗೆ ನೀರು ಬೆರೆಸಿ ಕಾಯಿಸಿ ಕೊಡೋಣ, ನಿನ್ನ ಗಂಡನೂ ಹಾಗೇ ಬೆಳೆದದ್ದು' ಅಂತಾರೆ ಅತ್ತೆ. ಕೊಡಬಹುದಾ? (ದಾವಣಗೆರೆ)

ಬೇಡ. ಆರು ತಿಂಗಳವರೆಗೆ ಎದೆಹಾಲು ಮಾತ್ರ. ಹಸುವಿನ ಹಾಲನ್ನು ಮಗುವಿನ ಮುಖ್ಯ ಹಾಲಾಗಿ ಒಂದು ವರ್ಷ ತುಂಬುವವರೆಗೂ ಕೊಡಬಾರದು. ಅದರಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ. ಪ್ರೋಟೀನು, ಉಪ್ಪಿನ ಅಂಶ ಜಾಸ್ತಿ, ಎಳೆ ಮೂತ್ರಪಿಂಡಕ್ಕೆ ಅದು ಹೊರೆ. ಕೆಲ ಮಕ್ಕಳ ಕರುಳಿನಲ್ಲಿ ಕಣ್ಣಿಗೆ ಕಾಣದಷ್ಟು ರಕ್ತವೂ ಒಸರುತ್ತದೆ. ನೀರು ಬೆರೆಸಿದರೆ ಈ ತೊಂದರೆ ಹೋಗುವುದಿಲ್ಲ, ಹೊಟ್ಟೆಗೆ ಹೋಗುವ ಸತ್ವ ಮಾತ್ರ ಕಡಿಮೆಯಾಗುತ್ತದೆ.

ತಮಾಷೆ ಅಂದರೆ, ನಿಮ್ಮ ಅತ್ತೆಯ ಪ್ರಶ್ನೆಯನ್ನೇ ಇಟ್ಟುಕೊಂಡು ಮೇಲೆ ಹೇಳಿದ ಅದೇ ಲೇನ್-ಕ್ಲೇಪನ್ 1912ರಲ್ಲಿ ಕೆಲಸ ಮಾಡಿದ್ದರು. ಬರ್ಲಿನ್ ನಗರದಲ್ಲಿ ಬಡವರ ಮಕ್ಕಳ ತೂಕ ನೋಡುವ ಚಿಕಿತ್ಸಾಲಯಗಳಿದ್ದವು. ಅಲ್ಲಿನ ದಾಖಲೆಗಳಿಂದ ಎದೆಹಾಲು ಕುಡಿದ 300 ಮಕ್ಕಳನ್ನೂ ಕಾಯಿಸಿದ ಹಸುವಿನ ಹಾಲು ಕುಡಿದ 204 ಮಕ್ಕಳನ್ನೂ ತೆಗೆದುಕೊಂಡು ತೂಕ ಹೋಲಿಸಿದರು. ಎದೆಹಾಲು ಕುಡಿದವರ ತೂಕ ಚೆನ್ನಾಗಿ ಏರಿತ್ತು.

ನನಗೆ ಮೆಚ್ಚುಗೆಯಾಗುವುದು ಅವರ ಮುಂದಿನ ಹೆಜ್ಜೆ. 'ಹಸುವಿನ ಹಾಲು ಕುಡಿದ ಮಕ್ಕಳ ಮನೆಯಲ್ಲಿ ಬಡತನ ಜಾಸ್ತಿ ಇದ್ದು ತೂಕ ಕಡಿಮೆ ಆಗಿರಬಹುದಲ್ಲ?' ಅಂತ ಅವರೇ ತಮ್ಮನ್ನು ಕೇಳಿಕೊಂಡರು. ಅಪ್ಪಂದಿರ ಸಂಬಳದ ಲೆಕ್ಕ ತೆಗೆದು ಮಕ್ಕಳ ತೂಕದ ಪಕ್ಕ ಇಟ್ಟರು. ಸಂಬಳಕ್ಕೂ ತೂಕಕ್ಕೂ ನಂಟು ಕಾಣಲಿಲ್ಲ. ಆಮೇಲೇ ವ್ಯತ್ಯಾಸ ಹಾಲಿನದ್ದು ಅಂದರು. ಇವತ್ತೂ ಈ ಹೆಜ್ಜೆ ಹಾರಿಸಿ ಬರೆಯುವ ಸಂಶೋಧಕರಿದ್ದಾರೆ.

ಆದರೂ ಅನುಮಾನ ಪೂರ್ತಿ ಹೋಗಿರಲಿಲ್ಲ. ಎದೆಹಾಲು ಕೊಡುವ ತಾಯಂದಿರು ಬೇರೆ ವಿಷಯಗಳಲ್ಲೂ ಭಿನ್ನವಾಗಿರಬಹುದು. ನಿನಗೆ ಎದೆಹಾಲು, ನಿನಗೆ ಬಾಟಲಿ ಅಂತ ಚೀಟಿ ಎತ್ತಿ ಮಕ್ಕಳನ್ನು ಹಂಚುವಂತಿಲ್ಲ, ಅದು ಅನ್ಯಾಯ. 1996ರಲ್ಲಿ ಬೆಲಾರುಸ್ ದೇಶದಲ್ಲಿ ಒಂದು ಜಾಣ ಉಪಾಯ ಮಾಡಿದರು. ಮಕ್ಕಳ ಬದಲು ಹೆರಿಗೆ ಆಸ್ಪತ್ರೆಗಳನ್ನು ಹಂಚಿದರು. ಕೆಲವು ಆಸ್ಪತ್ರೆಗಳಲ್ಲಿ ತಾಯಂದಿರಿಗೆ ಹಾಲು ಕುಡಿಸಲು ವಿಶೇಷ ನೆರವು, ಉಳಿದವುಗಳಲ್ಲಿ ಎಂದಿನಂತೆ. ಒಟ್ಟು 17 ಸಾವಿರ ತಾಯಿ-ಮಕ್ಕಳು. ಮೊದಲ ವರ್ಷದಲ್ಲಿ ಹೊಟ್ಟೆಯ ಸೋಂಕು ಆದ ಮಕ್ಕಳು ನೆರವಿನ ಕಡೆ 9.1 ಶೇಕಡಾ, ಇನ್ನೊಂದು ಕಡೆ 13.2 ಶೇಕಡಾ.

ಅತ್ತೆಗೆ 'ನಿಮ್ಮ ಮಗ ಚೆನ್ನಾಗಿಯೇ ಬೆಳೆದಿದ್ದಾರೆ' ಅಂತ ಹೇಳಿ, ಅದರಲ್ಲಿ ಸುಳ್ಳೇನಿಲ್ಲ. ಹಾಗೆ ಕುಡಿದು ಬೇಧಿಯಾಗಿ ತೀರಿಕೊಂಡ ಮಕ್ಕಳು ಇವತ್ತು ಉದಾಹರಣೆ ಕೊಡಲು ಉಳಿದಿಲ್ಲ, ಅಷ್ಟೆ. (ಇದನ್ನು ಮಾತ್ರ ಅವರ ಮುಂದೆ ಹೇಳಬೇಡಿ.) ನೀವು ಹಾಲು ಹಿಂಡಿಟ್ಟು ಹೋಗಬಹುದು. ಕೈ ತೊಳೆದು, ಶುಚಿಯಾದ ಸ್ಟೀಲ್ ಲೋಟಕ್ಕೆ ಹಿಂಡಿ ಮುಚ್ಚಿಡಿ. ಹೊರಗೆ ನಾಲ್ಕು ಗಂಟೆ, ನಿಮ್ಮ ಊರಿನ ಬೇಸಿಗೆಯಲ್ಲಿ ಇನ್ನೂ ಕಡಿಮೆ. ಫ್ರಿಜ್ಜಿನ ಒಳಭಾಗದಲ್ಲಿ ನಾಲ್ಕು ದಿನ. ಕೊಡುವಾಗ ಒಲೆಯ ಮೇಲೆ ಕಾಯಿಸುವುದು ಬೇಡ, ಲೋಟವನ್ನು ಬಿಸಿನೀರಿನಲ್ಲಿ ಇಟ್ಟರೆ ಸಾಕು. ಅತ್ತೆಯ ಕೈಗೆ ಒಳಲೆ ಕೊಡಿ, ಬಾಟಲಿ ಬೇಡ. ಒಳಲೆಯಲ್ಲಿ ಕುಡಿಸುವುದು ಅವರಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಪ್ರಶ್ನೆ: ಹೆಂಡತಿಗೆ ಎಂಟನೇ ತಿಂಗಳು. ಹುಟ್ಟಿದ ಮಗುವಿಗೆ ಕೊಡುವ ವಿಟಮಿನ್ ಕೆ ಇಂಜೆಕ್ಷನ್ನಿನಿಂದ ರಕ್ತದ ಕ್ಯಾನ್ಸರ್ ಬರುತ್ತದೆ ಅಂತ ವಾಟ್ಸ್ಯಾಪಿನಲ್ಲಿ ವಿಡಿಯೋ ಬಂದಿದೆ. ಬೇಡ ಅನ್ನಬಹುದಾ? (ಬೆಂಗಳೂರು)

ಬೇಡ ಅನ್ನಬೇಡಿ. ವಿಡಿಯೋ ಮಾಡಿದವರು ಪೂರ್ತಿ ಕಟ್ಟುಕಥೆ ಹೇಳಿಲ್ಲ, ಹಳೇ ಸುದ್ದಿಯ ಅರ್ಧ ಹೇಳಿದ್ದಾರೆ. ಉಳಿದರ್ಧ ಇಲ್ಲಿದೆ.

1992ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಒಂದು ಅಧ್ಯಯನ ಪ್ರಕಟವಾಯಿತು. ಕ್ಯಾನ್ಸರ್ ಬಂದ 195 ಮಕ್ಕಳನ್ನು ಉಳಿದ ಮಕ್ಕಳ ಜೊತೆ ಹೋಲಿಸಿದಾಗ, ಈ ಇಂಜೆಕ್ಷನ್ ಪಡೆದವರಲ್ಲಿ ಕ್ಯಾನ್ಸರ್ ಸುಮಾರು ಎರಡು ಪಟ್ಟು ಕಂಡಿತು. ಗಾಬರಿ ಸಹಜವೇ. ಆದರೆ ಎಷ್ಟೋ ಮಕ್ಕಳ ಕಡತದಲ್ಲಿ ಇಂಜೆಕ್ಷನ್ ಕೊಟ್ಟರೋ ಇಲ್ಲವೋ ಅಂತ ಬರೆದೇ ಇರಲಿಲ್ಲ. ಆ ಆಸ್ಪತ್ರೆಯಲ್ಲಿ ಆಗ ಯಾವ ರೂಢಿ ಇತ್ತು ಅಂತ ನೋಡಿ ಊಹಿಸಿದ್ದರು.

ಮರುವರ್ಷವೇ ಸ್ವೀಡನ್ನಿನವರು 13 ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ತೆಗೆದರು. ಇಂಜೆಕ್ಷನ್ ಕೊಡುವ ಆಸ್ಪತ್ರೆಗಳಲ್ಲಿ ಹುಟ್ಟಿದವರು, ಬಾಯಿಗೆ ಹನಿ ಹಾಕುವ ಆಸ್ಪತ್ರೆಗಳಲ್ಲಿ ಹುಟ್ಟಿದವರು. ಕ್ಯಾನ್ಸರಿನಲ್ಲಿ ವ್ಯತ್ಯಾಸ ಸಿಗಲಿಲ್ಲ. 2002ರಲ್ಲಿ ಆರು ಅಧ್ಯಯನಗಳ 2,400ಕ್ಕೂ ಹೆಚ್ಚು ಕ್ಯಾನ್ಸರ್ ಮಕ್ಕಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗಲೂ ನಂಬುವಂಥ ನಂಟು ಕಾಣಲಿಲ್ಲ. ಈ ನಡುವೆ ಭಯಪಟ್ಟು ಹನಿಗೆ ಬದಲಾಗಿದ್ದ ಆಸ್ಟ್ರೇಲಿಯಾ, ಮಕ್ಕಳಲ್ಲಿ ರಕ್ತಸ್ರಾವ ಮತ್ತೆ ಕಂಡಾಗ ಇಂಜೆಕ್ಷನ್ನಿಗೇ ವಾಪಸ್ ಬಂತು.

ಯಾವ ರಕ್ತಸ್ರಾವ ಅಂತೀರಾ? ರಕ್ತ ಹೆಪ್ಪುಗಟ್ಟಲು ವಿಟಮಿನ್ ಕೆ ಬೇಕು. ಹುಟ್ಟುವಾಗ ಮಗುವಿನಲ್ಲಿ ಅದು ತೀರಾ ಕಡಿಮೆ ಇರುತ್ತದೆ. ಎದೆಹಾಲಿನಲ್ಲೂ ಕಡಿಮೆ (ಅಮೃತಕ್ಕೂ ಒಂದು ಕೊರತೆ ಇದೆ ನೋಡಿ). ಚೆನ್ನಾಗಿದ್ದ ಮಗುವಿಗೆ ಒಂದೆರಡು ತಿಂಗಳಲ್ಲಿ ಇದ್ದಕ್ಕಿದ್ದಂತೆ ರಕ್ತಸ್ರಾವ ಆಗಬಹುದು. ಇಂಥ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಅದು ಆಗುವುದು ಮೆದುಳಿನೊಳಗೆ. ತಡೆಯಲು ಬೇಕಿರುವುದು ಹುಟ್ಟಿದ ದಿನ ತೊಡೆಗೆ 1 ಮಿಲಿಗ್ರಾಂ.

ಅದೇ ದಿನ ಇನ್ನೊಂದನ್ನೂ ಕೇಳಿ ಪಡೆಯಿರಿ, ಹೆಪಟೈಟಿಸ್ ಬಿ ಲಸಿಕೆ, 24 ಗಂಟೆಯೊಳಗೆ. ಇದು ಕ್ಯಾನ್ಸರ್ ತಡೆಯುವ ಲಸಿಕೆ. ಎಳೆಗೂಸಿಗೆ ಈ ಸೋಂಕು ತಗುಲಿದರೆ 10ರಲ್ಲಿ 9 ಮಕ್ಕಳಲ್ಲಿ ವೈರಸ್ ದೇಹದಲ್ಲೇ ಉಳಿದುಬಿಡುತ್ತದೆ, ಮುಂದೆ ಯಕೃತ್ತಿನ ಕ್ಯಾನ್ಸರಿಗೆ ದಾರಿಯಾಗಬಹುದು. ತೈವಾನಿನಲ್ಲಿ 1984ರಲ್ಲಿ ಸೋಂಕಿದ್ದ ತಾಯಂದಿರ ಮಕ್ಕಳಿಗೆ ಈ ಲಸಿಕೆ ಶುರುವಾಗಿ, 1986ರಿಂದ ಎಲ್ಲ ಮಕ್ಕಳಿಗೂ ಸಿಕ್ಕಿತು. ಅದಾದ ಮೇಲೆ 6ರಿಂದ 14 ವರ್ಷದ ಮಕ್ಕಳಲ್ಲಿ ಈ ಕ್ಯಾನ್ಸರ್ ಲಕ್ಷಕ್ಕೆ 0.70 ಇದ್ದದ್ದು 1990ರ ದಶಕದ ಮೊದಲ ವರ್ಷಗಳ ಹೊತ್ತಿಗೆ 0.36ಕ್ಕೆ ಇಳಿಯಿತು. ವಾಟ್ಸ್ಯಾಪಿನಲ್ಲಿ ಈ ಸುದ್ದಿ ಯಾಕೋ ಓಡಾಡುವುದಿಲ್ಲ.

ಪ್ರಶ್ನೆ: ಮಗುವಿಗೆ ಸ್ನಾನವಾದ ಮೇಲೆ ಪೌಡರ್ ಹಾಕಿದರೆ ಕ್ಯಾನ್ಸರ್ ಬರುತ್ತದೆಯೇ? (ಮೈಸೂರು)

ಪೌಡರ್ ಬೇಡ, ಆದರೆ ಕಾರಣ ಬೇರೆ. ಆ ನುಣುಪು ಪುಡಿ ಮಗುವಿನ ಉಸಿರಿನ ಜೊತೆ ಶ್ವಾಸಕೋಶಕ್ಕೆ ಹೋಗುತ್ತದೆ. ಸಾಂಬ್ರಾಣಿ ಹೊಗೆಗೂ ಇದೇ ಮಾತು.

ಕ್ಯಾನ್ಸರ್ ಚರ್ಚೆ ಇರುವುದು ದೊಡ್ಡ ಹೆಂಗಸರು ಜನನಾಂಗದ ಭಾಗಕ್ಕೆ ಹಾಕುವ ಟಾಲ್ಕ್ (ಪೌಡರ್ ಮಾಡುವ ಖನಿಜದ ಪುಡಿ) ಮತ್ತು ಅಂಡಾಶಯದ ಕ್ಯಾನ್ಸರ್ ಬಗ್ಗೆ. ರೋಗ ಬಂದ ಮೇಲೆ 'ಪೌಡರ್ ಹಾಕ್ತಿದ್ರಾ?' ಅಂತ ಕೇಳಿದ ಅಧ್ಯಯನಗಳಲ್ಲಿ ನಂಟು ಕಂಡಿತ್ತು. ಕಾಯಿಲೆ ಬಿದ್ದವರು ಕಾರಣ ಹುಡುಕುತ್ತಾ ಹಳೆಯದೆಲ್ಲ ನೆನಪಿಸಿಕೊಳ್ಳುತ್ತಾರೆ, ಆರೋಗ್ಯವಾಗಿರುವವರಿಗೆ ಆ ಗರಜಿಲ್ಲ. ರೋಗ ಬರುವ ಮೊದಲೇ ಕೇಳಿ ಬರೆದಿಟ್ಟುಕೊಂಡ ಎರಡೂವರೆ ಲಕ್ಷ ಹೆಂಗಸರ ಲೆಕ್ಕ 2020ರಲ್ಲಿ ಬಂದಾಗ ಸ್ಪಷ್ಟವಾದ ನಂಟು ಸಿಗಲಿಲ್ಲ. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಟಾಲ್ಕನ್ನು 'ಬಹುಶಃ ಕ್ಯಾನ್ಸರ್ ತರಬಹುದು' ಅನ್ನುವ ಗುಂಪಿಗೆ ಸೇರಿಸಿತು. ಅದೇ ಸಂಸ್ಥೆ ಎಲೆಅಡಿಕೆಯನ್ನು, ಹೊಗೆಸೊಪ್ಪು ಇಲ್ಲದಿದ್ದರೂ, 'ಖಂಡಿತ ತರುತ್ತದೆ' ಅನ್ನುವ ಗುಂಪಿನಲ್ಲಿ ಇಟ್ಟು ಎಷ್ಟೋ ವರ್ಷವಾಯಿತು. ಬಾಣಂತಿಗೆ ಊಟವಾದ ಮೇಲೆ ಅಡಿಕೆ ಕೊಡುವ ಮನೆಗಳಲ್ಲೇ ಪೌಡರಿನ ಬಗ್ಗೆ ಚಿಂತೆ ಕೇಳುತ್ತೇನೆ.

ಪ್ರಶ್ನೆ: ನನಗೆ 41. ಮದುವೆಯಾಗಿಲ್ಲ, ಮಕ್ಕಳಿಲ್ಲ. ಇಂಥ ಲೇಖನ ಓದಿದಾಗಲೆಲ್ಲ ಎದೆ ಢವಗುಟ್ಟುತ್ತದೆ. ನಾನೇನು ಮಾಡಲಿ? (ಹುಬ್ಬಳ್ಳಿ)

ಮೊದಲ ಉತ್ತರದ ಲೆಕ್ಕ ನೆನಪಿಸಿಕೊಳ್ಳಿ. ನಿಮ್ಮ ಸಾಧ್ಯತೆ ಸ್ವಲ್ಪ ಜಾಸ್ತಿ ಇರಬಹುದು. ಆದರೂ ನಿಮ್ಮಂಥ ಬಹುಪಾಲು ಹೆಂಗಸರಿಗೆ ಈ ರೋಗ ಬರುವುದಿಲ್ಲ. ಅದಕ್ಕೋಸ್ಕರ ಮದುವೆಯಾಗುವ ಅಗತ್ಯ ಖಂಡಿತ ಇಲ್ಲ.

ಕೈಯಲ್ಲಿರುವುದನ್ನು ಮಾಡಿ. ತೂಕ ಏರದಂತೆ ನೋಡಿಕೊಳ್ಳಿ, ನಡೆಯಿರಿ, ಮದ್ಯ ಬೇಡ. ನಮ್ಮ ಸರ್ಕಾರಿ ಕಾರ್ಯಕ್ರಮದಲ್ಲಿ 30 ದಾಟಿದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಸ್ತನ ಪರೀಕ್ಷೆ ಇದೆ, ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಕೇಳಿ. ಅಮ್ಮನಿಗೋ ಅಕ್ಕನಿಗೋ ಈ ರೋಗ ಬಂದಿದ್ದರೆ ವೈದ್ಯರಿಗೆ ಮೊದಲೇ ಹೇಳಿ, ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ) ಯಾವಾಗ ಬೇಕು ಅಂತ ಅವರು ತೀರ್ಮಾನಿಸುತ್ತಾರೆ. ಗಂಟು, ತೊಟ್ಟು ಒಳಕ್ಕೆ ಎಳೆದಂತಾಗುವುದು, ತೊಟ್ಟಿನಿಂದ ರಕ್ತ ಇವು ಕಂಡರೆ 'ನೋವಿಲ್ಲವಲ್ಲ' ಅಂತ ಕಾಯಬೇಡಿ. ಶುರುವಿನ ಗಂಟಿಗೆ ಸಾಮಾನ್ಯವಾಗಿ ನೋವಿರುವುದಿಲ್ಲ. ಬೇಗ ಚಿಕಿತ್ಸೆಯಾದವರು ಹೆಚ್ಚು ವರ್ಷ ಬದುಕುತ್ತಾರೆ ಅನ್ನುವುದನ್ನು ಶಸ್ತ್ರಚಿಕಿತ್ಸೆಯಾದ ಹೆಂಗಸರ ಮುಂದಿನ ವರ್ಷಗಳನ್ನು ಎಣಿಸಿ 1928ರಷ್ಟು ಹಿಂದೆಯೇ ತೋರಿಸಿದ್ದರು. ಎಣಿಸಿದ್ದು ಮತ್ತೆ ಲೇನ್-ಕ್ಲೇಪನ್ ಅವರೇ.

ಅದರ ಮರುವರ್ಷ ಅವರ ಮದುವೆಯಾಯಿತು. ಆಗ ಅವರಿಗೆ 52. ಮದುವೆಯಾದ ಹೆಂಗಸು ಸರ್ಕಾರಿ ಕೆಲಸದಲ್ಲಿ ಇರುವಂತಿಲ್ಲ ಅನ್ನುವ ನಿಯಮ ಬ್ರಿಟನ್ನಿನಲ್ಲಿ ಇದ್ದ ಕಾಲ ಅದು, ಸಂಶೋಧನೆ ಅಲ್ಲಿಗೇ ನಿಂತಿತು. ತಡವಾದ ಮದುವೆ ಅವರೇ ಮಾಡಿದ ಅಪಾಯದ ಪಟ್ಟಿಯಲ್ಲಿತ್ತು. ಅವರು 1967ರಲ್ಲಿ, 90ನೇ ವಯಸ್ಸಿನಲ್ಲಿ ತೀರಿಕೊಂಡರು.