ಮ್ಯೂಸಿಯಂನ ಹಾಯಿ ಹಡಗಿಗೆ ಕ್ಯಾಪ್ಟನ್ ಯಾಕೆ ಬೇಕು? ನಾನೂ ಆಗಬಹುದಾ?

ನಿಮ್ಮ ಪ್ರಶ್ನೆ ಇಷ್ಟು: ನೀವು ಬೆಂಗಳೂರಿನಲ್ಲಿ ಪಿಯುಸಿ ಸೈನ್ಸ್ ಓದುತ್ತಿದ್ದೀರಿ. ವಿದೇಶದ ಮ್ಯೂಸಿಯಂಗಳಲ್ಲಿರುವ ಹಳೇ ಹಾಯಿ ಹಡಗುಗಳಿಗೆ ಈಗಲೂ ಕ್ಯಾಪ್ಟನ್ ಇರುತ್ತಾರೆ ಅಂತ ಕೇಳಿದ್ದೀರಿ. ಹಡಗು ದಡದಲ್ಲೇ ನಿಂತಿರುವಾಗ ಅವರಿಗೆ ಏನು ಕೆಲಸ, ನಮ್ಮಂಥವರು ಆಗಬಹುದಾ ಅನ್ನೋದು ನಿಮ್ಮ ಕುತೂಹಲ.

ಆಗಬಹುದು. ನಾನು ಬಸವನಗುಡಿಯವನು. ಮರ್ಚೆಂಟ್ ನೇವಿಯಲ್ಲಿ ಟ್ಯಾಂಕರ್, ಕಂಟೇನರ್ ಹಡಗುಗಳಲ್ಲಿ ದುಡಿದು, ಆಮೇಲೆ ಅಮೆರಿಕದ ಒಂದು ಮ್ಯೂಸಿಯಂನ ಮೂರು ಕೂವೆಮರದ (ಹಾಯಿ ಕಟ್ಟುವ ಎತ್ತರದ ಕಂಬ) ಹಡಗಿನಲ್ಲಿ ಮೊದಲು ಮೇಟ್ (ಕ್ಯಾಪ್ಟನ್‌ನ ಕೈಕೆಳಗಿನ ಅಧಿಕಾರಿ) ಆಗಿ, ನಂತರ ಕ್ಯಾಪ್ಟನ್ ಆಗಿ ಕೆಲಸ ಮಾಡಿದೆ. ಹತ್ತೊಂಬತ್ತನೇ ಶತಮಾನದ ಹಡಗು, ಕಬ್ಬಿಣದ ಮೈ, ಮರದ ಡೆಕ್. ಈಗ ಊರಿಗೆ ವಾಪಸ್ ಬಂದಿದ್ದೇನೆ.

ದಡದಲ್ಲಿ ನಿಂತಿರುವಾಗಲೇ ಕೆಲಸ ಜಾಸ್ತಿ. ಓಡುವ ಹಡಗಿನ ತಪ್ಪುಗಳನ್ನು ಸಮುದ್ರವೇ ಕೂಡಲೇ ತೋರಿಸಿಕೊಡುತ್ತದೆ. ನಿಂತ ಹಡಗು ಒಳಗೊಳಗೇ ಹಾಳಾಗುತ್ತದೆ, ಹೊರಗಿನಿಂದ ನೋಡಿದವರಿಗೆ ಬಣ್ಣ ಹೊಳೆಯುತ್ತಲೇ ಇರುತ್ತದೆ. ಉಪ್ಪು ನೀರಿನಿಂದ ಮರಕ್ಕೆ ಅಷ್ಟು ತೊಂದರೆ ಇಲ್ಲ. ಮಳೆ ನೀರೇ ಅಪಾಯ. ಹಲಗೆಗಳ ಸಂದಿಯಲ್ಲಿ ಸಿಹಿನೀರು ನಿಂತರೆ ಬೂಷ್ಟು ಹಿಡಿದು ಮರ ಕೊಳೆಯಲು ಶುರುವಾಗುತ್ತದೆ. ಅದಕ್ಕೇ ಡೆಕ್ಕನ್ನು ಸಮುದ್ರದ ನೀರಿನಲ್ಲೇ ತೊಳೆಯುತ್ತೇವೆ. ಹಲಗೆ ಒಣಗಿ ಬಿರುಕು ಬಿಡುವುದೂ ಇಲ್ಲ, ಉಪ್ಪು ಕುಡಿದು ಗಟ್ಟಿಯಾಗಿಯೂ ಇರುತ್ತದೆ.

ಬೆಳಿಗ್ಗೆ ಹಡಗಿಗೆ ಬಂದ ತಕ್ಷಣ ನಾನು ತಳಕ್ಕೆ ಇಳಿದು ಎಷ್ಟು ನೀರು ಸೇರಿದೆ ಅಂತ ನೋಡುತ್ತಿದ್ದೆ. ಆಮೇಲೆ ಕೈಯಲ್ಲಿ ಒಂದು ಮರದ ಸುತ್ತಿಗೆ ಹಿಡಿದು ಸುತ್ತು ಹಾಕುವುದು. ಹಲಸಿನ ಹಣ್ಣು ತಟ್ಟಿ ನೋಡುತ್ತೇವಲ್ಲ, ಹಾಗೆ ತೊಲೆಗಳನ್ನು ತಟ್ಟುತ್ತಾ ಹೋಗಬೇಕು. ಒಳ್ಳೇ ಮರ ಗಟ್ಟಿಯಾಗಿ ದನಿ ಕೊಡುತ್ತದೆ. ಕೊಳೆತ ಕಡೆ ಸುತ್ತಿಗೆ 'ದಪ್' ಅಂತ ಸುಮ್ಮನಾಗಿಬಿಡುತ್ತದೆ. ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಬಡಗಿಯನ್ನು ಕರೆದು ತೋರಿಸಬೇಕು. ಅವರು ಕೊಳೆತ ಭಾಗ ಕೆತ್ತಿ ತೆಗೆದು, ಅದೇ ಜಾತಿಯ ಮರ ಕೂರಿಸುತ್ತಾರೆ. ಎಷ್ಟು ಬದಲಾಯಿಸಿದರು, ಯಾವಾಗ, ಎಲ್ಲಿ ಅನ್ನೋದು ದಾಖಲೆಗೆ ಹೋಗಬೇಕು. ಮ್ಯೂಸಿಯಂ ಅಲ್ವಾ, ಒಂದು ಮೊಳೆ ಬದಲಾದರೂ ಬರೆದಿಡುತ್ತೇವೆ.

ಈ ಆರೈಕೆ ತಪ್ಪಿದರೆ ಏನಾಗುತ್ತದೆ? ಅಮೆರಿಕದ ಸ್ಯಾನ್ ಡಿಯಾಗೊದ 'ಸ್ಟಾರ್ ಆಫ್ ಇಂಡಿಯಾ' ನೋಡಿ. 1863ರಲ್ಲಿ 'ಯೂಟರ್ಪಿ' ಅನ್ನೋ ಹೆಸರಿನಲ್ಲಿ ನೀರಿಗಿಳಿದ ಹಡಗು. ಅದರ ಮೊದಲ ಯಾನವೇ ನಮ್ಮ ಕಲ್ಕತ್ತಾಗೆ. ಎರಡನೇ ಯಾನದಲ್ಲಿ ಬಂಗಾಳ ಕೊಲ್ಲಿಯ ಚಂಡಮಾರುತಕ್ಕೆ ಸಿಕ್ಕಿ, ಹಡಗು ಉಳಿಸಿಕೊಳ್ಳಲು ಕೂವೆಮರಗಳನ್ನೇ ಕಡಿದು ಹಾಕಬೇಕಾಯಿತು. ಅದನ್ನೆಲ್ಲ ತಡೆದುಕೊಂಡ ಹಡಗು 1927ರಲ್ಲಿ ಸ್ಯಾನ್ ಡಿಯಾಗೊಗೆ ಬಂದು, ದುಡ್ಡಿಲ್ಲದೆ ದಶಕಗಳ ಕಾಲ ದಡದಲ್ಲಿ ತುಕ್ಕು ಹಿಡಿಯಿತು. ಜನ ಹಠ ಹಿಡಿದು ದುರಸ್ತಿ ಮಾಡಿಸಿದ್ದರಿಂದ 1976ರಲ್ಲಿ ಮತ್ತೆ ಹಾಯಿ ಬಿಚ್ಚಿತು. ಹೊನೊಲುಲುವಿನ 'ಫಾಲ್ಸ್ ಆಫ್ ಕ್ಲೈಡ್'ಗೆ ಆ ಅದೃಷ್ಟ ಇರಲಿಲ್ಲ. 1878ರಲ್ಲಿ ಕಟ್ಟಿದ, ನಾಲ್ಕು ಕೂವೆಮರದ ಕಬ್ಬಿಣದ ಹಡಗು ಅದು. ವರ್ಷಗಟ್ಟಲೆ ಕೊಳೆತು, ಕೊನೆಗೆ 2025ರಲ್ಲಿ ಅದನ್ನು ಎಳೆದುಕೊಂಡು ಹೋಗಿ ಸಮುದ್ರದಲ್ಲಿ ಮುಳುಗಿಸಿದರು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಅಂಥ ಹಡಗು ಇನ್ನೊಂದು ಉಳಿದಿಲ್ಲ.

ಇನ್ನು ಹಡಗು ಓಡಿಸುವ ಮಾತು. ನಮ್ಮಂಥ ಹಡಗುಗಳು ವರ್ಷಕ್ಕೆ ಕೆಲವೇ ದಿನ ಹೊರಗೆ ಹೋಗುತ್ತವೆ. ನಮ್ಮದರಲ್ಲಿ ಎಂಜಿನ್ ಇರಲಿಲ್ಲ, ಟಗ್ (ಬೇರೆ ಹಡಗುಗಳನ್ನು ಎಳೆಯುವ ಸಣ್ಣ ಹಡಗು) ಬಂದು ಬಂದರಿನಿಂದ ಎಳೆದುಕೊಂಡು ಹೋಗಬೇಕಿತ್ತು. ಆಮೇಲೆ ಗಾಳಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ನೂರಕ್ಕೂ ಜಾಸ್ತಿ ಹಗ್ಗಗಳು. ಒಂದೊಂದಕ್ಕೂ ಕಟ್ಟುವ ಗೂಟ ಇಂಥದ್ದೇ ಅಂತ ನಿಗದಿ. ಕತ್ತಲಲ್ಲಿ ಕೈ ಹಾಕಿದರೂ ಸರಿಯಾದ ಹಗ್ಗವೇ ಸಿಗಬೇಕು.

ಕ್ಯಾಪ್ಟನ್‌ನ ಕೈಚಳಕ ಕಾಣೋದು ಗಾಳಿಯ ಕಡೆಗೆ ಹಡಗಿನ ಮೂತಿ ತಿರುಗಿಸಿ ದಿಕ್ಕು ಬದಲಿಸುವಾಗ. ಮೊದಲು ಒಳ್ಳೇ ವೇಗ ಬರಬೇಕು. ಆಮೇಲೆ ಚುಕ್ಕಾಣಿ ತಿರುಗಿಸುತ್ತೇವೆ. ಮೂತಿ ಗಾಳಿಗೆ ಎದುರಾದಾಗ, ಮುಂದಿನ ಕೂವೆಮರದ ಹಾಯಿಗಳಿಗೆ ಗಾಳಿ ಎದುರಿನಿಂದ ಬಡಿದು ಮೂತಿಯನ್ನು ಆಚೆಗೆ ತಳ್ಳಲು ಶುರು ಮಾಡುತ್ತದೆ. ಅದೇ ಹೊತ್ತಿಗೆ ನಡುವಿನ ಕೂವೆಮರದ ಹಾಯಿಗಳು ಮುಂದಿನವುಗಳ ಮರೆಯಲ್ಲಿರುತ್ತವೆ, ಅವಕ್ಕೆ ಗಾಳಿ ತಾಗುವುದು ಕಡಿಮೆ. ಆಗ 'ಮೇನ್‌ಸೇಲ್ ಹಾಲ್', ಅಂದರೆ ನಡುವಿನ ಹಾಯಿಗಳನ್ನು ಎಳೆಯಿರಿ ಅಂತ ಕೂಗಬೇಕು. ಜನ ಸಾಲಾಗಿ ನಿಂತು ಹಗ್ಗ ಎಳೆದರೆ ಹಾಯಿ ಹೊತ್ತ ಭಾರದ ಅಡ್ಡತೊಲೆಗಳು ಸಲೀಸಾಗಿ ಸುತ್ತಿ ಬರುತ್ತವೆ. ಮೂತಿ ಪೂರ್ತಿ ದಾಟಿದ ಮೇಲೆ ಮುಂದಿನ ಕೂವೆಮರದ ಹಾಯಿಗಳ ಸರದಿ. ಕೂಗು ಸ್ವಲ್ಪ ಬೇಗ ಆದರೆ ತೊಲೆ ಅಲ್ಲಾಡೋದಿಲ್ಲ. ತಡವಾದರೆ ಹಡಗು ಗಾಳಿಗೆ ಮುಖ ಕೊಟ್ಟು ನಿಂತುಬಿಡುತ್ತದೆ, ಹಿಂದಕ್ಕೂ ಜಾರುತ್ತದೆ. ಅಂದಾಜು ಬರೋದು ಕೆನ್ನೆಗೆ ತಾಗುವ ಗಾಳಿಯಿಂದ, ಹಾಯಿಯ ಅಂಚಿನ ನಡುಕದಿಂದ. ಮೂವತ್ತು ಸಾವಿರ ಟನ್ನಿನ ಟ್ಯಾಂಕರ್‌ನಲ್ಲಿ ನನಗೆ ಈ ಖುಷಿ ಸಿಗಲಿಲ್ಲ.

ಎಲ್ಲಕ್ಕಿಂತ ಕಷ್ಟದ ಕೆಲಸ 'ಇವತ್ತು ಹೊರಡೋದಿಲ್ಲ' ಅಂತ ಹೇಳುವುದು. ಟಿಕೆಟ್ ಮಾರಾಟ ಆಗಿರುತ್ತದೆ, ದಾನಿಗಳು ಬಂದಿರುತ್ತಾರೆ, ಟಿವಿಯವರು ಕ್ಯಾಮೆರಾ ಹಿಡಿದು ನಿಂತಿರುತ್ತಾರೆ. ಗಾಳಿ ಜಾಸ್ತಿ ಇದೆ ಅಂದರೆ ಎಲ್ಲರ ಮುಖ ಸಣ್ಣದಾಗುತ್ತದೆ. 2012ರಲ್ಲಿ 'ಬೌಂಟಿ' ಅನ್ನೋ ಹಡಗು ಸ್ಯಾಂಡಿ ಚಂಡಮಾರುತದ ಮುನ್ಸೂಚನೆ ಇದ್ದರೂ ಸಮುದ್ರಕ್ಕೆ ಹೊರಟಿತು. ಅದು ಹಳೇ ಹಡಗಿನ ಮಾದರಿಯಲ್ಲಿ 1960ರಲ್ಲಿ ಕಟ್ಟಿದ್ದು. ಮುಳುಗಿತು. ಹದಿನಾರು ಜನರಲ್ಲಿ ಹದಿನಾಲ್ಕು ಜನ ಬದುಕಿದರು, ಕ್ಯಾಪ್ಟನ್ ಮತ್ತು ಒಬ್ಬ ಸಿಬ್ಬಂದಿ ಉಳಿಯಲಿಲ್ಲ. ಹವಾಮಾನ ನೋಡುವಾಗೆಲ್ಲ ನನಗೆ ಅವರ ನೆನಪಾಗುತ್ತಿತ್ತು.

ಹಡಗಿನಲ್ಲಿ ದುಡಿಯುವವರಲ್ಲಿ ಮುಕ್ಕಾಲು ಪಾಲು ಸಂಬಳವಿಲ್ಲದೆ ಬರುವವರು. ರಿಟೈರ್ ಆದ ಎಂಜಿನಿಯರ್‌ಗಳು, ಮೇಷ್ಟ್ರುಗಳು, ನರ್ಸ್‌ಗಳು, ಕಾಲೇಜು ಹುಡುಗಿಯರು. ಅವರ ಮೇಲೆ ರೇಗಿದರೆ ಮುಂದಿನ ಶನಿವಾರ ಯಾರೂ ಬರುವುದಿಲ್ಲ. ಮೇಲೆ ಹತ್ತಲು ಹೆದರುವವರನ್ನು ತಾಳ್ಮೆಯಿಂದ ಒಂದೊಂದೇ ಮೆಟ್ಟಿಲು ಏರಿಸಬೇಕು. ಹತ್ತಲಾರೆ ಅಂದವರಿಗೆ ಕೆಳಗಿನ ಕೆಲಸ ಕೊಡಬೇಕು, ಅದೂ ಗೌರವದ ಕೆಲಸವೇ. ನಾನು ಕಂಡ ಅತ್ಯುತ್ತಮ ಹಗ್ಗದ ಕೆಲಸಗಾರ್ತಿ ಒಂದು ದಿನವೂ ಕೂವೆಮರ ಹತ್ತಿದವರಲ್ಲ.

ಈಗ ನಿಮ್ಮ ದಾರಿ. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್‌ನಲ್ಲಿ ಒಳ್ಳೇ ಮಾರ್ಕ್ಸ್ ತೆಗೆಯಿರಿ. ಐಎಂಯು-ಸಿಇಟಿ (ಇಂಡಿಯನ್ ಮ್ಯಾರಿಟೈಮ್ ಯೂನಿವರ್ಸಿಟಿಯ ಪ್ರವೇಶ ಪರೀಕ್ಷೆ) ಬರೆದು ಒಂದು ವರ್ಷದ ಡಿಎನ್‌ಎಸ್ (ನಾಟಿಕಲ್ ಸೈನ್ಸ್ ಡಿಪ್ಲೊಮಾ) ಅಥವಾ ಮೂರು ವರ್ಷದ ಬಿಎಸ್‌ಸಿ ನಾಟಿಕಲ್ ಸೈನ್ಸ್ ಸೇರಬಹುದು. ಆಮೇಲೆ ಕೆಡೆಟ್, ಸೆಕೆಂಡ್ ಮೇಟ್, ಚೀಫ್ ಮೇಟ್, ಕೊನೆಗೆ ಮಾಸ್ಟರ್, ಅಂದರೆ ಕ್ಯಾಪ್ಟನ್. ಒಂದು ಮಾತು ಮೊದಲೇ ತಿಳಿದಿರಲಿ: ಅಮೆರಿಕದ ಬಾವುಟದ ಹಡಗಿಗೆ ಅಲ್ಲಿನ ಪ್ರಜೆಯೇ ಕ್ಯಾಪ್ಟನ್ ಆಗಬೇಕು ಅನ್ನೋದು ಕಾನೂನು. ನಾನು ಪೌರತ್ವ ತಗೊಂಡ ಮೇಲೆಯೇ ಆ ಕೆಲಸ ಸಿಕ್ಕಿದ್ದು. ಸಂಬಳವೂ ಮರ್ಚೆಂಟ್ ನೇವಿಯ ಹತ್ತಿರಕ್ಕೆ ಬರುವುದಿಲ್ಲ.

ನಮ್ಮ ದೇಶದಲ್ಲೇ ಹಾಯಿ ಹಡಗು ಬೇಕು ಅಂದರೆ ನೌಕಾಪಡೆ ಇದೆ. ತರಬೇತಿಗೆ ಅಂತಲೇ ಐಎನ್‌ಎಸ್ ತರಂಗಿಣಿ, ಐಎನ್‌ಎಸ್ ಸುದರ್ಶಿನಿ ಇವೆ. 2025ರ ಮೇ ತಿಂಗಳಲ್ಲಿ ನಮ್ಮ ಕಾರವಾರದಲ್ಲೇ ಐಎನ್‌ಎಸ್‌ವಿ ಕೌಂಡಿನ್ಯ ನೌಕಾಪಡೆಗೆ ಸೇರಿತು. ಅಜಂತಾದ ಚಿತ್ರವೊಂದನ್ನು ನೋಡಿ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದು ಕಟ್ಟಿದ ಹಡಗು. ಅದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿ.

ಕೋರ್ಸಿಗೆ ದುಡ್ಡು ಕಟ್ಟುವ ಮೊದಲು ಕಣ್ಣು ಪರೀಕ್ಷೆ ಮಾಡಿಸಿಕೊಳ್ಳಿ. ಬಣ್ಣಗುರುಡು ಇದ್ದರೆ ಡೆಕ್ ಆಫೀಸರ್ (ಹಡಗು ನಡೆಸುವ ಅಧಿಕಾರಿ) ಆಗಲು ಬಿಡುವುದಿಲ್ಲ. ಈಜು ಬರದಿದ್ದರೆ ಈ ರಜೆಯಲ್ಲೇ ಕಲಿಯಿರಿ. ಹಲಸೂರು ಕೆರೆಯಲ್ಲಿ ಸೇನೆಯ ಎಂಇಜಿಯವರು (ಮದ್ರಾಸ್ ಎಂಜಿನಿಯರ್ ಗ್ರೂಪ್) ಹಾಯಿ ದೋಣಿ ಓಡಿಸುತ್ತಾರೆ. ನಿಮ್ಮ ಕಾಲೇಜಿನಲ್ಲಿ ಎನ್‌ಸಿಸಿ ಇದ್ದರೆ ನೌಕಾ ವಿಭಾಗಕ್ಕೆ ಸೇರಲು ಆಗುತ್ತದಾ ಅಂತ ನಾಳೆಯೇ ಹೋಗಿ ವಿಚಾರಿಸಿ.