ಮಾರಿಷಸ್‌ನ ಬೇಸಿಗೆ ಮಳೆ ಏರುಪೇರಾಗೋದು ಎಲ್ ನಿನೊದಿಂದಲೋ, ಡೈಪೋಲ್‌ನಿಂದಲೋ? ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಯಾವುದನ್ನು ಆರಿಸಿಕೊಳ್ಳಲಿ?

ಪೆಸಿಫಿಕ್ ಸಾಗರದ ನೀರು ಬಿಸಿಯಾಗುವ ಎಲ್ ನಿನೊ, ಹಿಂದೂ ಮಹಾಸಾಗರದ ಪೂರ್ವ-ಪಶ್ಚಿಮದ ನೀರಿನ ಬಿಸಿಯಲ್ಲಿ ಏರುಪೇರಾಗುವ ಡೈಪೋಲ್, ಸದ್ಯಕ್ಕೆ ಎರಡನ್ನೂ ಪಕ್ಕಕ್ಕಿಡಿ. ನನ್ನ ಪಿಎಚ್‌ಡಿ ಶುರುವಾಗಿದ್ದೂ ಇದೇ ಪ್ರಶ್ನೆಯಿಂದ. ಅದರ ಮೇಲೆ ಬರೆದ ಅಧ್ಯಾಯ ಕೊನೆಗೆ ಪ್ರಬಂಧದಿಂದಲೇ ಹೊರಗೆ ಹೋಯಿತು.

ಅದನ್ನು ಹಾಳು ಮಾಡಿದ್ದು ಎಲ್ ನಿನೊ ಅಲ್ಲ, ಕ್ಯಾಲೆಂಡರ್. ಅದಕ್ಕೂ ಮೊದಲು ನಾನು ನೋಡುತ್ತಿದ್ದದ್ದು ನಮ್ಮ ಕರಾವಳಿಯ ಮುಂಗಾರು. ಜೂನ್‌ನಿಂದ ಸೆಪ್ಟೆಂಬರ್, ಇಡೀ ಹಂಗಾಮು ಒಂದೇ ಇಸವಿಯೊಳಗೆ ಮುಗಿಯುತ್ತದೆ. ಮಾರಿಷಸ್ ಇರುವುದು 20 ಡಿಗ್ರಿ ದಕ್ಷಿಣದಲ್ಲಿ. ಅಲ್ಲಿ ಬೇಸಿಗೆ ಅಂದರೆ ನವೆಂಬರ್‌ನಿಂದ ಏಪ್ರಿಲ್. ವರ್ಷಕ್ಕೆ ಸುಮಾರು 2000 ಮಿ.ಮೀ. ಮಳೆ, ಅದರಲ್ಲಿ ಮೂರನೇ ಎರಡು ಭಾಗ ಈ ಆರು ತಿಂಗಳಲ್ಲೇ ಬೀಳೋದು.

ಇದೆಲ್ಲ ಗೊತ್ತಿದ್ದೂ ಎಕ್ಸೆಲ್‌ನಲ್ಲಿ ಸುಮ್ನೆ ಇಸವಿವಾರು ಕೂಡಿಸಿಬಿಟ್ಟೆ. '1999' ಅನ್ನೋ ಸಾಲಿನಲ್ಲಿ ಜನವರಿ, ಫೆಬ್ರವರಿ, ಮಾರ್ಚ್, ಏಪ್ರಿಲ್. ಅದರ ಪಕ್ಕದಲ್ಲೇ ನವೆಂಬರ್, ಡಿಸೆಂಬರ್. ಮೊದಲ ನಾಲ್ಕು ತಿಂಗಳು 1998ರ ನವೆಂಬರ್‌ನಲ್ಲಿ ಶುರುವಾದ ಬೇಸಿಗೆಗೆ ಸೇರಿದ್ದು. ಕೊನೆಯ ಎರಡು ಮುಂದಿನ ಬೇಸಿಗೆಯವು. ನಡುವೆ ಒಂದು ಇಡೀ ಚಳಿಗಾಲ! 1998–99ರಲ್ಲಿ ಅಲ್ಲಿ ಭಾರಿ ಬರ, ಕಬ್ಬು ನೆಲಕಚ್ಚಿತ್ತು. ನನ್ನ ಟೇಬಲ್‌ನಲ್ಲಿ ಆ ಬರ ಎರಡು ಸಾಲಿಗೆ ಹರಿದು ಹಂಚಿಹೋಗಿತ್ತು.

ಎಲ್ ನಿನೊ ಸೂಚ್ಯಂಕವನ್ನೂ ಹಾಗೇ ಇಸವಿಯ ಸರಾಸರಿ ಮಾಡಿದ್ದೆ. ಅದು ಸಾಮಾನ್ಯವಾಗಿ ಜೋರಾಗೋದೇ ನವೆಂಬರ್‌ನಿಂದ ಜನವರಿ ಒಳಗೆ, ಅಂದರೆ ಸರಿಯಾಗಿ ನಾನು ಕತ್ತರಿ ಹಾಕಿದ ಜಾಗದಲ್ಲಿ. 1998ರ ಶುರುವಿನಲ್ಲಿ ದೊಡ್ಡ ಎಲ್ ನಿನೊ, ಕೊನೆಯಲ್ಲಿ ಅದರ ತದ್ವಿರುದ್ಧವಾದ ಲಾ ನಿನಾ. ಸರಾಸರಿ ತೆಗೆದರೆ ಒಂದನ್ನೊಂದು ನುಂಗಿಹಾಕುತ್ತವೆ. ಆದರೂ ಗ್ರಾಫ್ ಎಷ್ಟು ಚೆನ್ನಾಗಿ ಬಂದಿತ್ತು ಅಂದರೆ, ನನಗೆ ಅನುಮಾನವೇ ಬರಲಿಲ್ಲ. ಸೆಮಿನಾರ್‌ನಲ್ಲಿ ಹಿರಿಯರೊಬ್ಬರು ಕೇಳಿದರು, "1999ರ ಬೇಸಿಗೆ ಅಂದ್ರೆ ಯಾವುದಪ್ಪಾ?" ಉತ್ತರ ಹೊಳೆಯಲಿಲ್ಲ. ಆದಾಯ ತೆರಿಗೆಗೆ ಏಪ್ರಿಲ್‌ನಿಂದ ಮಾರ್ಚ್ ಲೆಕ್ಕ ಹಾಕುವಾಗ ಯಾರೂ ತಪ್ಪಲ್ಲ, ಇಲ್ಲಿ ತಪ್ಪಿದ್ದೆ. ತಿದ್ದಿ ಮತ್ತೆ ಲೆಕ್ಕ ಹಾಕಿದರೆ ಆ ಚೆಂದದ ಸಂಬಂಧ ಮುಕ್ಕಾಲು ಪಾಲು ಕರಗಿಹೋಯಿತು. ಅಷ್ಟರಲ್ಲಿ ಫೆಲೋಶಿಪ್ ಮುಗಿದಿತ್ತು.

ಈಗ ನಿಮ್ಮ ಪ್ರಶ್ನೆಗೆ. 'ಇದೋ ಅದೋ' ಅನ್ನೋದೇ ಸರಿಯಿಲ್ಲ ಅಂತ ನನ್ನ ಅಭಿಪ್ರಾಯ. ಎಲ್ ನಿನೊ ಬಂದರೆ ಆಫ್ರಿಕಾದ ದಕ್ಷಿಣ ಭಾಗ ಒಣಗುತ್ತದೆ ಅಂತ ಓದಿ, ಅದನ್ನೇ ಪಕ್ಕದ ದ್ವೀಪಕ್ಕೂ ಹಚ್ಚಿಬಿಡುತ್ತೇವೆ. ಮಾರಿಷಸ್ ನಮ್ಮ ಬೆಂಗಳೂರು ನಗರ ಜಿಲ್ಲೆಗಿಂತ ಚಿಕ್ಕದು. ಒಂದು ಚಂಡಮಾರುತ ಹತ್ತಿರದಿಂದ ಹಾದರೆ ಮೇರ್ ಓ ವಾಕ್ವಾ ಜಲಾಶಯದ ಲೆಕ್ಕವೇ ಬದಲಾಗುತ್ತದೆ. ಅದೇ ಒಂದಷ್ಟು ದೂರ ಸರಿದು ಹೋದರೆ ಬೇಸಿಗೆಯೇ ಒಣ. ಎಲ್ ನಿನೊ ಆಗಲಿ, 30ರಿಂದ 60 ದಿನಕ್ಕೊಮ್ಮೆ ಭೂಮಧ್ಯರೇಖೆಯ ಉದ್ದಕ್ಕೂ ಪೂರ್ವಕ್ಕೆ ಸಾಗುವ ಎಂಜೆಒ ಅನ್ನೋ ಮೋಡ-ಮಳೆಯ ಅಲೆಯಾಗಲಿ, ಚಂಡಮಾರುತ ಎಲ್ಲಿ ಹುಟ್ಟಬಹುದು ಅನ್ನೋದನ್ನು ಒಂದಿಷ್ಟು ವಾಲಿಸಬಹುದು. ದ್ವೀಪದ ಯಾವ ಪಕ್ಕದಲ್ಲಿ ಹಾದುಹೋಗುತ್ತದೆ ಅಂತ ಅವು ಹೇಳಲ್ಲ. ಚಂಡಮಾರುತವೇ ಬೇಕು ಅಂತಲೂ ಇಲ್ಲ. 2013ರ ಮಾರ್ಚ್ 30ರಂದು ರಾಜಧಾನಿ ಪೋರ್ಟ್ ಲೂಯಿಯಲ್ಲಿ ಎರಡು ಗಂಟೆಯೊಳಗೆ 150 ಮಿ.ಮೀ.ಗಿಂತ ಜಾಸ್ತಿ ಸುರಿದು 11 ಜನ ಸತ್ತರು. ಅವತ್ತು ಯಾವ ಚಂಡಮಾರುತವೂ ಇರಲಿಲ್ಲ.

ಒಂದೇ ಕಾರಣ ಹುಡುಕುವ ಚಟ ಹಳೆಯದು ಬಿಡಿ. 1872ರಲ್ಲೇ ಮಾರಿಷಸ್‌ನ ಹವಾಮಾನ ತಜ್ಞ ಚಾರ್ಲ್ಸ್ ಮೆಲ್‌ಡ್ರಮ್ ಚಂಡಮಾರುತಗಳ ಸಂಖ್ಯೆಯನ್ನು ಸೂರ್ಯನ ಮೇಲಿನ ಕಪ್ಪು ಕಲೆಗಳಿಗೆ ಗಂಟು ಹಾಕಿದ್ದರು.

ಇಡೀ ದ್ವೀಪಕ್ಕೆ ಒಂದೇ ಸರಾಸರಿಯನ್ನಂತೂ ದಯವಿಟ್ಟು ತೆಗೆಯಬೇಡಿ. ಆಗ್ನೇಯದ ಗಾಳಿಗೆ ಮುಖ ಕೊಟ್ಟ ನಡುವಿನ ಎತ್ತರದ ಜಾಗದಲ್ಲಿ ವರ್ಷಕ್ಕೆ 4000 ಮಿ.ಮೀ.ವರೆಗೂ ಬೀಳುತ್ತದೆ. ಪಡುವಣ ಕರಾವಳಿಗೆ ಸಿಗೋದು 900ರ ಆಸುಪಾಸು. ಆಗುಂಬೆ, ಚಿತ್ರದುರ್ಗ ಕೂಡಿಸಿ ಎರಡರಿಂದ ಭಾಗಿಸಿದರೆ ಏನರ್ಥ, ಅಲ್ವಾ? ಆ ಗಾಳಿಯನ್ನು ತಳ್ಳುವ, ದಕ್ಷಿಣ ಹಿಂದೂ ಮಹಾಸಾಗರದ ಮೇಲಿನ ಮಸ್ಕರೇನ್ ಅಧಿಕ ಒತ್ತಡವೇ ಜೂನ್ ಹೊತ್ತಿಗೆ ನಮ್ಮ ಮುಂಗಾರನ್ನೂ ತಳ್ಳೋದು. ಅದನ್ನು ಓದಿಕೊಳ್ಳಿ, ಎರಡೂ ಕಡೆ ಉಪಯೋಗಕ್ಕೆ ಬರುತ್ತದೆ.

ನಾನಾಗಿದ್ದರೆ ದಿನವಾರು ಮಳೆಯ ಅಂಕಿ ತಗೊಂಡು, ಚಂಡಮಾರುತದ ದಿನಗಳನ್ನು ಬೇರೆ ಮಾಡಿ, ಉಳಿದದ್ದಕ್ಕೆ ಏನು ಹೊಂದುತ್ತದೆ ಅಂತ ನೋಡುತ್ತಿದ್ದೆ. ಡೈಪೋಲ್ ಬೇಕೇ ಬೇಕು ಅಂತ ಗೈಡ್ ಹಟ ಹಿಡಿದರೆ, ಸೆಪ್ಟೆಂಬರ್–ನವೆಂಬರ್ ಸೂಚ್ಯಂಕವನ್ನು ನವೆಂಬರ್–ಡಿಸೆಂಬರ್ ಮಳೆಗೆ ಮಾತ್ರ ಹಚ್ಚಿ. ಜನವರಿ ಹೊತ್ತಿಗೆ ಡೈಪೋಲ್ ಸಾಮಾನ್ಯವಾಗಿ ಮುಗಿದೇ ಹೋಗಿರುತ್ತದೆ. ಫೆಬ್ರವರಿ ಮಳೆಗೆ ಅದನ್ನು ಕಟ್ಟಿದ ಗ್ರಾಫ್ ಯಾರಾದರೂ ತೋರಿಸಿದರೆ, ಮೊದಲು ಅವರ ಇಸವಿಯ ಕಾಲಂ ತೆಗೆದು ನೋಡಿ.