ಹುರಿದ ಕುಂಬಳ ಬೀಜ ಮರುದಿನವೇ ಜಿಗುಟಾಗುವುದೇಕೆ?

ಪ್ರಶ್ನೆ: ಬೆಲ್ಲ, ಖಾರಪುಡಿ ಬೆರೆಸಿ ಹುರಿದ ಕುಂಬಳ ಬೀಜ ಮೊದಲ ದಿನ ಗರಿಗರಿ, ಮರುದಿನ ಜಿಗುಟು. ಡಬ್ಬಿಯ ದೋಷವೇ? – ಗಂಗಾವತಿ ಓದುಗರು

ಮಳೆಗಾಲ ಬಂತೆಂದರೆ ಸಿಂಧನೂರು, ಸಿರುಗುಪ್ಪ, ಕೊಪ್ಪಳ ಎಲ್ಲ ಕಡೆಯಿಂದಲೂ ಇದೇ ಪ್ರಶ್ನೆ. ಡಬ್ಬಿಯನ್ನು ಬೈಯಬೇಡಿ. ನಿಮ್ಮ ಬೀಜ ಒಣಗಿಲ್ಲ, ಪಾಕವೂ ಹದಕ್ಕೆ ಬಂದಿಲ್ಲ.

ತಿರುಳು ತೆಗೆದ 200 ಗ್ರಾಂ ಬೀಜವನ್ನು ಒಂದು ಲೀಟರ್ ನೀರು, ಒಂದು ದೊಡ್ಡ ಚಮಚ ಉಪ್ಪಿನಲ್ಲಿ 10 ನಿಮಿಷ ಕುದಿಸಿ, ಬಸಿದು, ಹತ್ತಿ ಬಟ್ಟೆಯ ಮೇಲೆ ಹರಡಿ. ರಾಯಚೂರಿನ ಬೇಸಿಗೆ ಬಿಸಿಲಿಗೆ ಒಂದು ಹಗಲು ಸಾಕು. ಮೋಡವಿದ್ದರೆ ಫ್ಯಾನಿನ ಕೆಳಗೆ ಎರಡು ದಿನ ಬಿಡಿ. ಬೀಜ ಮುರಿದು ನೋಡಿ: ಬಾಗಿದರೆ ಇನ್ನೂ ಹಸಿ, ಟಕ್ಕೆಂದು ಮುರಿದರೆ ಸರಿ. ಹಸಿ ಬೀಜ ಹುರಿದರೆ ಸಿಪ್ಪೆ ಕೆಂಪಾಗುತ್ತದೆ, ಒಳಗಿನ ತೇವ ಉಳಿದು ಆಮೇಲೆ ಪಾಕವನ್ನು ಕರಗಿಸುತ್ತದೆ.

ದಪ್ಪ ತಳದ ಬಾಣಲೆಯಲ್ಲಿ ಒಂದು ಚಮಚ ಎಣ್ಣೆ, ಸಣ್ಣ ಉರಿ, 12ರಿಂದ 15 ನಿಮಿಷ, ಕೈ ಬಿಡದೆ. ಚಟಪಟ ಕಡಿಮೆಯಾಗಿ ಅಂಚು ಹೊಂಬಣ್ಣಕ್ಕೆ ತಿರುಗಿದಾಗ ತೆಗೆಯಿರಿ. ತಣ್ಣಗಾಗಲು ಬಿಡಬೇಡಿ, ತಣ್ಣನೆಯ ಬೀಜಕ್ಕೆ ಪಾಕ ತಾಗಿದರೆ ಗಂಟು ಕಟ್ಟುತ್ತದೆ.

ಅದೇ ಬಾಣಲೆಗೆ 60 ಗ್ರಾಂ ಸಕ್ಕರೆ, ಎರಡು ದೊಡ್ಡ ಚಮಚ ನೀರು. ಎಳೆ ಪಾಕಕ್ಕೆ ನಿಲ್ಲಿಸುವುದೇ ಎಲ್ಲರ ತಪ್ಪು. ಒಂದು ಹನಿ ತಣ್ಣೀರಿಗೆ ಬಿಟ್ಟು ತೆಗೆದು ತಟ್ಟೆಗೆ ಎಸೆದರೆ ಟಣ್ಣೆನ್ನಬೇಕು, ಅಂದರೆ ಸುಮಾರು 150 ಡಿಗ್ರಿ. ಮಕ್ಕಳು ಹತ್ತಿರ ಬೇಡ. ಒಲೆ ಆರಿಸಿದ ಮೇಲೆಯೇ ಒಂದು ಚಮಚ ಬ್ಯಾಡಗಿ ಪುಡಿ ಬಣ್ಣಕ್ಕೆ, ಅರ್ಧ ಚಮಚ ಗುಂಟೂರು ಪುಡಿ ಖಾರಕ್ಕೆ, ಕಾಲು ಚಮಚ ಉಪ್ಪು. ಉರಿಯ ಮೇಲೆ ಹಾಕಿದರೆ ಖಾರ ಸೀದು ಮನೆ ತುಂಬ ಘಾಟು. ಬೀಜ ಸುರಿದು ಬೇಗ ಕಲಸಿ, ಎಣ್ಣೆ ಸವರಿದ ತಟ್ಟೆಗೆ ಹರಡಿ, ಬಿಡಿಬಿಡಿಯಾಗಿಸಿ. ಪೂರ್ತಿ ಆರಿದ ಮೇಲೆ ಡಬ್ಬಿ.

ಬೆಲ್ಲವೇ ಬೇಕೆನ್ನುವವರು ಅದೇ ಟಣ್ಣೆನ್ನುವ ಹದಕ್ಕೆ ತಂದು, ಎರಡು ಮೂರು ದಿನದಲ್ಲಿ ತಿಂದು ಮುಗಿಸಿ. ಬೆಲ್ಲ ಗಾಳಿಯ ತೇವವನ್ನು ಸಕ್ಕರೆಗಿಂತ ಬೇಗ ಎಳೆಯುತ್ತದೆ. ಜೇನು ಎಂದೂ ಗರಿಯಾಗದು. ಕೊನೆಗೆ ನಿಂಬೆರಸ ಹಿಂಡುವವರಿಗಂತೂ ಕೈಮುಗಿದೆ. ಹುಳಿ ಬೇಕಿದ್ದರೆ ಆಮ್‌ಚೂರ್ ಪುಡಿ ಇದೆಯಲ್ಲ.

ಪ್ರಶ್ನೆ: ಅಂಗಡಿಯ ಹಸಿರು ಬೀಜ ಆದೀತೇ? – ಬಳ್ಳಾರಿ

ಆದೀತು. ಕುದಿಸಬೇಡಿ, ಉಬ್ಬುವವರೆಗೆ ಐದಾರು ನಿಮಿಷ ಹುರಿದರೆ ಸಾಕು.

ಪ್ರಶ್ನೆ: ದಿನಾ ಒಂದು ಮುಷ್ಟಿ ತಿಂದರೆ ಶುಗರ್ ಮಾತ್ರೆ ಬಿಡಬಹುದಂತೆ? – ಮಾನ್ವಿ

ಯಾರು ಹೇಳಿದ್ದು? ಬೀಜದ ಪುಡಿಯ ಪೊಟ್ಟಣ ಮಾರುವವನೇ ಇರಬೇಕು. ಇದು ಸಕ್ಕರೆ ಪಾಕ ಹಚ್ಚಿದ ತಿನಿಸು ಸ್ವಾಮಿ, ಔಷಧವಲ್ಲ. ಮಾತ್ರೆ ಬಿಡುವ ಮಾತು ವೈದ್ಯರದ್ದು. ಮೂತ್ರಪಿಂಡದ ತೊಂದರೆಯಿದ್ದವರು ಬರೀ ಹುರಿದ ಬೀಜವನ್ನೂ ಅವರನ್ನು ಕೇಳಿಯೇ ತಿನ್ನಿ. ಇದರಲ್ಲಿ ಪೊಟ್ಯಾಸಿಯಂ, ರಂಜಕ ಹೆಚ್ಚು.

ಪ್ರಶ್ನೆ: ಮೂರು ವರ್ಷದ ಮಗುವಿಗೆ? – ಕುಷ್ಟಗಿ

ಬೇಡ. ಗಂಟಲಿಗೆ ಸಿಕ್ಕೀತು.

ಪ್ರಶ್ನೆ: ಕಾಯಿ, ಬೀಜ ಎರಡೂ ಕಹಿ. ಸಿಹಿ ಹೆಚ್ಚಿಸಿದರೆ ಸರಿಹೋದೀತೇ? – ಲಿಂಗಸುಗೂರು

ಇಲ್ಲ. ಆ ಕಹಿ ಕುಕುರ್ಬಿಟಾಸಿನ್ ಎಂಬ ವಿಷಕಾರಿ ಅಂಶದ್ದು. ಕುದಿಸಿದರೂ ಹೋಗದು, ಹುರಿದರೂ ಹೋಗದು. ವಾಂತಿ ಭೇದಿ ಆದೀತು. ಕಾಯಿಸಮೇತ ಎಸೆಯಿರಿ, ದನಕ್ಕೂ ಹಾಕಬೇಡಿ.